ರುಫೀನಾ ಕೊಟ್ಟ ಹಾಡು

ಟೋರ್ಬೆನ್ ದೋಣಿಯಿಂದ ಇಳಿದಾಗ ಕಾಸಿಲ್ಡಾ ಮೀನಿನ ಹುರುಪೆ ಕೆರೆಯುತ್ತಿದ್ದಳು. ತಲೆ ಎತ್ತಿ ನೋಡಿದಳು. ಮತ್ತೆ ತಗ್ಗಿಸಿ, ಆಗಲೇ ಕೆರೆದಾಗಿದ್ದ ಮೀನನ್ನೇ ಇನ್ನೊಂದು ಸಲ ಕೆರೆದಳು. ಅಮ್ಮ ಸತ್ತಾಗಿನಿಂದ ಅವಳು ಕಾದಿದ್ದು ಈ ಮನುಷ್ಯ ಕಂಬಗಳ ಮೇಲಿನ ತನ್ನ ಮನೆಯ ಏಣಿ ಬುಡಕ್ಕೆ ಬಂದು ನಿಲ್ಲುವ ದಿನಕ್ಕಾಗಿ. ಬರೀ ನಿಲ್ಲುವುದಲ್ಲ, ಬಗ್ಗಿ ನಿಲ್ಲುವ ದಿನಕ್ಕಾಗಿ.

ಬಗ್ಗಿಯೇ ನಿಂತಿದ್ದ. ಹಿಂದೆ ಅವನು ಹತ್ತಿದರೆ ಉಕಾಯಾಲಿ ನದಿಯ ದೋಣಿ ಒಂದು ಪಕ್ಕಕ್ಕೆ ವಾಲುತ್ತಿತ್ತು. ಈಗ ಕೊರಳ ಮೂಳೆ ಎದ್ದುಕೊಂಡಿತ್ತು, ಕತ್ತಿನಿಂದ ಕಿವಿಯವರೆಗೆ ಕೆಂಪು ದದ್ದು. ಮೈಮೇಲೆ ಮಾತ್ರ ಅದೇ ಬಿಳಿ ಅಂಗಿ. ಅದರ ಎದೆಯ ಮೇಲಿನ ಕಸೂತಿ ಕಾಸಿಲ್ಡಾಳ ಅಮ್ಮ ರುಫೀನಾಳ ಕೈಯದು.

"ಅಕ್ಕಾ, ನಾನು ಬಂದಿದ್ದೇನೆ," ಎಂದ ಸ್ಪ್ಯಾನಿಷ್‌ನಲ್ಲಿ. ಅವನ ಸ್ಪ್ಯಾನಿಷ್ ಪುಸ್ತಕದಿಂದ ಕಲಿತದ್ದು. ಈ ದಂಡೆಯವರ ಶಿಪಿಬೊ ಮಾತಂತೂ ಹಾಡಿನಲ್ಲಿ ಬಾಯಿಪಾಠ ಮಾಡಿದಷ್ಟೇ ಗೊತ್ತು.

"ಕಣ್ಣಿದೆ, ಕಾಣ್ತಿದೆ. ಅಕ್ಕ ಅಂತ ಯಾವ ಹೊಟ್ಟೇಲಿ ಹುಟ್ಟಿ ಕರೀತಿದೀಯ?"

"ನಿಮ್ಮ ತಾಯಿ ನನ್ನನ್ನು ಮಗ ಎಂದು ಕರೆದಿದ್ದರು."

"ನಮ್ಮಮ್ಮ ಹುಂಜಾನೂ ಮಗ ಅಂತ ಕರೀತಿದ್ಲು. ಆಮೇಲೆ ಕತ್ತು ಮುರೀತಿದ್ಲು."

ಪಕ್ಕದಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಅಸೆನ್ಸಿಯೊ ಮೂಗಿನಲ್ಲೇ ನಕ್ಕ. ಅವನು ರುಫೀನಾಳ ತಮ್ಮ, ಕಾಸಿಲ್ಡಾಗೆ ಸೋದರಮಾವ. ಹಗಲು ಬೇಟೆ, ಮೀನು. ಉಳಿದ ಹೊತ್ತು ಇನ್ನೊಬ್ಬರ ಮಾತಿಗೆ ಕೊಕ್ಕೆ ಹಾಕುವುದು.

ಈ ಟೋರ್ಬೆನ್ ಯಾರು ಅಂತ ಆ ದಂಡೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಬಹಳ ವರ್ಷಗಳ ಹಿಂದೆ ಕುಡಿದು ಕುಡಿದು ಕೈ ನಡುಗಿಸಿಕೊಂಡು, ಎಲ್ಲೋ ಚಳಿದೇಶದಿಂದ ಇದೇ ಮನೆಗೆ ಬಂದು ಬಿದ್ದವನು. ಹಾಡಿನಿಂದ ಕಾಯಿಲೆ ಬಿಡಿಸುತ್ತಿದ್ದ ರುಫೀನಾ ಅವನಿಗೆ ಕನಸು ಕಾಣಿಸುವ ಬಳ್ಳಿಯ ಕಷಾಯ ಕುಡಿಸಿದಳು, ಪಥ್ಯ ಕಟ್ಟಿದಳು, ವಾಂತಿ ಬಳಿದಳು, ಹಾಡಿ ಹಾಡಿ ಮನುಷ್ಯನನ್ನಾಗಿ ಮಾಡಿದಳು. ಅವನು ಊರಿಗೆ ಹೋದ. ಹೋದವನು ಸುಮ್ಮನಿರಬೇಕಲ್ಲ? ಹಿಂತಿರುಗಿ ಬಂದು ಕೆಳದಂಡೆಯಲ್ಲಿ ಜಾಗ ಹಿಡಿದು 'ಬೆಳಕಿನ ಬಳ್ಳಿ' ಅಂತ ಕೇಂದ್ರ ಕಟ್ಟಿಸಿದ. ಅಷ್ಟರಲ್ಲಿ ಜಗತ್ತೇ ನದಿ ಹತ್ತಿ ಬರತೊಡಗಿತ್ತು. ದುಃಖ ಇದ್ದವರು ಬಂದರು, ದುಃಖ ಸಾಲದು ಅಂತ ಹುಡುಕುವವರೂ ಬಂದರು. ಕುಡಿದರು, ಅತ್ತರು, ನಮ್ಮ ಕಸೂತಿಯ ಬಟ್ಟೆ ಹೊದ್ದು ಫೋಟೊ ತೆಗೆಸಿಕೊಂಡರು. ಬಳ್ಳಿ ಬಾಟಲಿ ಸೇರಿ ವಿಮಾನ ಹತ್ತಿತು. ಈ ನದಿ ಉತ್ತರಕ್ಕೆ ಹರಿಯುತ್ತದೋ ದಕ್ಷಿಣಕ್ಕೋ ಗೊತ್ತಿಲ್ಲದ ಊರುಗಳಲ್ಲಿ, ಎಂಟನೆಯ ಮಹಡಿಯ ಮನೆಗಳಲ್ಲಿ, ಮೇಣದಬತ್ತಿ ಹಚ್ಚಿಕೊಂಡು ಜನ ಅದನ್ನು ಕುಡಿಯುತ್ತಾರಂತೆ. ಕುಡಿಯಲಿ. ಬಳ್ಳಿಗೆ ಬೇಲಿ ಹಾಕಿದವರು ನಾವಲ್ಲ. ಕಾಸಿಲ್ಡಾಳ ಹೊಟ್ಟೆ ಉರಿದದ್ದು ಅದಕ್ಕಲ್ಲ.

ಅವನು ರುಫೀನಾಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಕೇಂದ್ರದ ಗೋಡೆ ಮೇಲೆ ಅವಳಿಗಿಂತ ದೊಡ್ಡದಾಗಿ ಅವಳ ಫೋಟೊ ಹಾಕಿಸಿದ. ಒಂದು ತಂಡ ಹೋದರೆ ಇನ್ನೊಂದು ತಂಡ; ಮುದುಕಿಯ ಗಂಟಲಿಗೆ ಬಿಡುವೇ ಇಲ್ಲ. ಜ್ವರ ಬಂದಾಗಲೂ ಹಾಡಿದಳು. ಪಕ್ಕದಲ್ಲಿ ಬಿಳಿ ಅಂಗಿ ಹಾಕಿಕೊಂಡು ಇವನು ಕೂರುತ್ತಿದ್ದ, ಇವನನ್ನು ಎಲ್ಲರೂ ಗುರು ಅನ್ನುತ್ತಿದ್ದರು. ಅದನ್ನಾದರೂ ಕಾಸಿಲ್ಡಾ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಕಲಿಯುವುದಕ್ಕೆಂದು ಅವನು ಹಿಡಿದ ದೊಡ್ಡ ಪಥ್ಯ ಬಿಚ್ಚುವ ದಿನ, ಕ್ಯಾಮೆರಾಗಳ ಮುಂದೆ, ರುಫೀನಾ ಅವನ ನೆತ್ತಿಗೆ ಬಾಯಿ ಹಚ್ಚಿ ಬೇರೆ ಯಾರಿಗೂ ಕೇಳದ ಹಾಗೆ ಹಾಡಿದಳು. ಆಮೇಲೆ ತಲೆ ಎತ್ತಿ ಎಲ್ಲರಿಗೂ ಕೇಳುವ ಹಾಗೆ, "ನನ್ನ ಹಾಡು ಇವನಿಗೆ ಕೊಟ್ಟೆ," ಎಂದಳು.

ಅವರ ಮನೆಯಲ್ಲಿ 'ಹಾಡು' ಅಂದರೆ ಒಂದೇ. ಹೆದರಿ ಮೈಬಿಟ್ಟು ಹೋದ ಜೀವವನ್ನು ಕರೆದು ತರುವ ಹಾಡು. ಮುತ್ತಜ್ಜಿಯಿಂದ ಅಜ್ಜಿಗೆ, ಅಜ್ಜಿಯಿಂದ ರುಫೀನಾಗೆ, ಹೆಣ್ಣಿನಿಂದ ಹೆಣ್ಣಿಗೆ ನೆತ್ತಿಯ ಮೇಲೆ ಇಳಿದು ಬಂದದ್ದು. ಕೇಳಿ ಪಡೆಯುವಂತಿಲ್ಲ, ಕೊಡುವವಳಿಗೇ ಮನಸ್ಸಾಗಬೇಕು. ಕಾಯಿಲೆಯವರ ಕಿವಿಗೆ ಬಿಟ್ಟು ಬೇರೆ ಯಾರಿಗೂ ಕೇಳುವಂತೆ ಅದನ್ನು ಹಾಡುತ್ತಿರಲಿಲ್ಲ. ಒಬ್ಬಳೇ ಮಗಳು ಕಾಸಿಲ್ಡಾ ಉಳಿದ ಮದ್ದಿನ ಹಾಡನ್ನೆಲ್ಲ ಕಲಿತು, ಊರಿನ ಬಸುರಿ ಬಾಣಂತಿ ಜ್ವರ ಎಲ್ಲ ನೋಡಿಕೊಳ್ಳುವ ಬಲ್ಲವಳಾಗಿ, ತನ್ನ ತಲೆಯೂ ನೆರೆಯುವವರೆಗೆ ಆ ಒಂದು ಹಾಡಿಗಾಗಿ ಬಾಯಿ ಮುಚ್ಚಿಕೊಂಡು ಕಾದಿದ್ದಳು. ಅದು ಅವಳ ಕಣ್ಣೆದುರಿಗೇ ಈ ಹೊರದೇಶದ ಗ್ರಿಂಗೊನ ತಲೆಗೆ ಹೋಯಿತು. ಅವಳು ಎದ್ದಳು, ದೋಣಿ ಹತ್ತಿದಳು. ಮತ್ತೆ ಆ ಕೇಂದ್ರದ ಮಣ್ಣು ಮೆಟ್ಟಲಿಲ್ಲ. ಅಮ್ಮನಿಗೆ ಜ್ವರ ಅಂತ ಮಾವನ ಕೈಲಿ ಹೇಳಿಕಳಿಸಿದಾಗಲೂ, "ಮಗ ಇದಾನಲ್ಲ, ನೋಡ್ಕೊಳ್ಳಲಿ," ಎಂದುಬಿಟ್ಟಳು. ಕೊನೆಗೆ ಹೆಣ ಬಂತು. ಪಾಲಿಷ್ ಮಾಡಿದ ಪೆಟ್ಟಿಗೆಯಲ್ಲಿ, ಗಿಟಾರ್ ಹಿಡಿದ ಗ್ರಿಂಗೊಗಳ ಜೊತೆ. ಟೋರ್ಬೆನ್ ಅವಳಿಗಿಂತ ಜೋರಾಗಿ ಅತ್ತ. ಅದನ್ನೂ ಅವಳು ಕ್ಷಮಿಸಲಿಲ್ಲ.

ಅಂಥವನು ಈಗ ಏಣಿ ಬುಡದಲ್ಲಿ.

"ಏನಾಗಿದೆ?" ಎಂದು ಕೇಳಿದಳು. ನೋಡಿದ ತಕ್ಷಣವೇ ಗೊತ್ತಾಗಿತ್ತು, ಆದರೂ ಅವನ ಬಾಯಿಂದಲೇ ಬರಲಿ.

"ತಾಯಿಯವರು ತೀರಿಹೋದ ಮೇಲೆ ನಾನೇ ಒಂದು ಪಥ್ಯ ಕಟ್ಟಿಕೊಂಡೆ. ಅವರು ಪರಿಚಯಿಸಿದ ಅದೇ ಬೊಬಿನ್ಸಾನಾ ಗಿಡದ ಜೊತೆ. ನಡುವೆ ಅತಿಥಿಗಳ ಒತ್ತಾಯಕ್ಕೆ ಹಂದಿಮಾಂಸ ತಿಂದೆ. ಉಪ್ಪೂ ಇತ್ತು." ಅವನು ಕತ್ತಿನ ದದ್ದು ಮುಟ್ಟಿಕೊಂಡ. "ಅಂದಿನಿಂದ ಉಪ್ಪು ನಾಲಿಗೆಗೆ ತಾಗಿದರೆ ವಾಂತಿ. ನಿದ್ರೆ ಇಲ್ಲ. ಹಾಡಿದರೆ ಯಾರಿಗೂ ಏನೂ ಆಗುತ್ತಿಲ್ಲ. ಪಥ್ಯವನ್ನು ಬಿಚ್ಚಲೂ ಬರುತ್ತಿಲ್ಲ."

"ಮನೆ ಬಾಗಿಲಿಗೆ ತಾನೇ ಹೊರಗಿಂದ ಚಿಲಕ ಹಾಕ್ಕೊಂಡು ಒಳಗೆ ಕೂತಿದಾನೆ," ಎಂದ ಮಾವ ಶಿಪಿಬೊದಲ್ಲಿ.

ನಮ್ಮಲ್ಲಿ ಇದು ಮಕ್ಕಳಿಗೂ ಗೊತ್ತು. ಗಿಡದ ಜೊತೆ ಪಥ್ಯ ಕಟ್ಟಿದರೆ ಉಪ್ಪಿಲ್ಲ, ಖಾರವಿಲ್ಲ, ಹಂದಿಯಿಲ್ಲ, ಹೆಂಗಸಿನ ಸಂಗವಿಲ್ಲ. ಕಟ್ಟಿದವರೇ ಬಿಚ್ಚಬೇಕು. ಅವರು ಸತ್ತರೆ ಅದೇ ಮನೆಯ ಉಸಿರಿನವರು ಬಿಚ್ಚಬೇಕು. ನಡುವೆ ಕೆಡಿಸಿದರೆ ಗಿಡ ತಿರುಗಿ ಬೀಳುತ್ತದೆ. ಇವನು ತನಗೆ ತಾನೇ ಕಟ್ಟಿಕೊಂಡ, ಕೆಡಿಸಿಯೂ ಕೂತ. ರುಫೀನಾಳ ಉಸಿರು ಅಂತ ಉಳಿದಿದ್ದವಳು ಕಾಸಿಲ್ಡಾ ಒಬ್ಬಳೇ.

"ಬಿಚ್ಚುತ್ತೀನಿ," ಎಂದಳು. "ಆದರೆ ನಾನು ಹೇಳಿದಷ್ಟು ದಿನ ಇಲ್ಲೇ ಇರ್ಬೇಕು. ನಾನು ಕೊಟ್ಟಿದ್ದು ತಿನ್ಬೇಕು, ಹೇಳಿದ್ದು ಮಾಡ್ಬೇಕು."

ಅವನು ಎದೆಯ ಮುಂದೆ ಕೈ ಮುಗಿದು ಕಣ್ಣು ತುಂಬಿಕೊಂಡ.

ಅವನಿಗೆ ಹೇಳದೆ ಉಳಿಸಿಕೊಂಡದ್ದು ಬೇರೆ ಇತ್ತು. ಪಥ್ಯ ಬಿಚ್ಚುವಾಗ ಶಿಷ್ಯ ತಾನು ಪಡೆದ ಹಾಡನ್ನು ಹಾಡಿ ತೋರಿಸಬೇಕು, ಅದು ಮೈಯಲ್ಲಿ ಎಲ್ಲಿ ಕೂತಿದೆ ಅಂತ ಬಲ್ಲವರಿಗೆ ಕಾಣಲಿ ಅಂತ. ಕಂಡ ಮೇಲೆ ಬಲ್ಲವಳಿಗೆ ಮನಸ್ಸು ಬಂದರೆ ತಂಬಾಕಿನ ಹೊಗೆ ಊದಿ, ಬಾಯಿ ಹಚ್ಚಿ, ಮುಳ್ಳು ಕೀಳುವ ಹಾಗೆ ಹಾಡನ್ನೇ ಕಿತ್ತುಕೊಳ್ಳಬಹುದು. ಅದು ಕೆಟ್ಟ ಕೆಲಸ. ಕೆಟ್ಟ ಕೆಲಸ ಅಂತ ಗೊತ್ತಿದ್ದೇ ಅವಳು ಒಳಗೊಳಗೇ ಹಿಗ್ಗಿದಳು. ಹಾಡು ಅವಳ ಕಿವಿಗೆ ಬೀಳುತ್ತದೆ, ಅವಳು ಕಲಿಯುತ್ತಾಳೆ. ಆಮೇಲೆ ಅವನ ಗಂಟಲಿಂದ ಬೇರು ಸಮೇತ ಎಳೆದು ಹಾಕುತ್ತಾಳೆ. ಇವನು ವಾಪಸು ಹೋಗಿ, ಕಷಾಯ ಕುಡಿದು ಕಾದು ಕೂತ ಜನರ ನಡುವೆ ಬಾಯಿ ತೆಗೆದರೆ ಗಾಳಿ ಮಾತ್ರ ಬರಬೇಕು.

ಆ ಹಾಡು ಅವಳಿಗೆ ಬೇಕಾಗಿದ್ದದ್ದು ಬರೀ ಸೇಡಿಗಲ್ಲ. ಅಮ್ಮ ಸತ್ತ ಮೇಲೆ, ಹಿಂದಿನ ಮಳೆಗಾಲದಲ್ಲಿ, ಪಕ್ಕದ ಮನೆಯ ಹುಡುಗಿಯೊಬ್ಬಳು ದೋಣಿಯಿಂದ ಬಿದ್ದಿದ್ದಳು; ಎತ್ತಿದಾಗ ಉಸಿರಿತ್ತು, ಜೀವ ನೀರಲ್ಲೇ ಉಳಿದಿತ್ತು. ಕಾಸಿಲ್ಡಾ ಗೊತ್ತಿದ್ದ ಹಾಡನ್ನೆಲ್ಲ ಹಾಡಿದಳು, ತುಟಿ ಸುಡುವವರೆಗೆ ಹೊಗೆ ಊದಿದಳು. ಹುಡುಗಿ ಈಗಲೂ ತಿನ್ನು ಅಂದರೆ ತಿನ್ನುತ್ತಾಳೆ, ನಡೆ ಅಂದರೆ ನಡೆಯುತ್ತಾಳೆ, ಯಾರ ಮುಖವನ್ನೂ ನೋಡುವುದಿಲ್ಲ. ಊರಲ್ಲಿ ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವಳಿಗೆ ಚುಚ್ಚಿತು.

ಕಾಡಂಚಿನಲ್ಲಿ, ಹಳೆಯ ಗರಿ ಹೊದೆಸಿದ ಗುಡಿಸಲಲ್ಲಿ ಅವನನ್ನು ಕೂರಿಸಿದಳು. ಸೊಳ್ಳೆಪರದೆಯಲ್ಲಿ ಬೇಕೆಂತಲೇ ತೂತುಗಳಿದ್ದದ್ದನ್ನು ಆರಿಸಿ ಕೊಟ್ಟಳು. ಹೊತ್ತಿಗೊಂದು ಸುಟ್ಟ ಬಾಳೆಕಾಯಿ, ಮುಳ್ಳೇ ಜಾಸ್ತಿಯಿದ್ದ ಸಣ್ಣ ಮೀನು, ಅದೂ ಸೀದದ್ದು. ತಂಬಾಕು ನೀರು ಕುಡಿಸಿ ಕರುಳು ಬಾಯಿಗೆ ಬರುವಂತೆ ಕಕ್ಕಿಸಿದಳು. ಹಸಿ ಸೌದೆ ಒಡೆಸಿದಳು, ಬೇಡದ ಕಡೆ ಗುಂಡಿ ತೋಡಿಸಿ ಮುಚ್ಚಿಸಿದಳು.

ಅವನು ಪ್ರತಿ ಸಲವೂ ವಂದಿಸಿದ.

"ಅಕ್ಕಾ, ಇಂದು ಗುಂಡಿ ಮುಚ್ಚುವಾಗ ನನಗೆ ಅರ್ಥವಾಯಿತು," ಎಂದ ಒಂದು ಸಂಜೆ, ಮುಖದ ತುಂಬ ಮಣ್ಣು, ಕಣ್ಣಲ್ಲಿ ನೀರು. "ನನ್ನ ತಂದೆಯ ಮೇಲಿನ ಕೋಪವನ್ನು ನೀವು ನನ್ನಿಂದ ಹೂಳಿಸಿದಿರಿ."

ಅವಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮನೆಗೆ ಬಂದು ಪಾತ್ರೆ ಕುಕ್ಕಿದಳು. "ಏನ್ ಜನ್ಮ ಮಾವ ಇದು. ಉಗಿದ್ರೆ ಆಶೀರ್ವಾದ ಅಂತಾನೆ. ಸೊಳ್ಳೆ ಕಚ್ಚಿದ್ರೆ ಗುರು ಅಂತಾನೆ. ಇವನಿಗೆ ನೋವು ಮಾಡೋದಾದ್ರೂ ಹೆಂಗೆ?"

"ಚೆನ್ನಾಗಿ ನೋಡ್ಕೊ," ಎಂದ ಮಾವ. "ಮೆತ್ತನೆ ಹಾಸಿಗೆ ಕೊಡು, ಕೋಳಿ ಸಾರು ಹಾಕು. ಎದೆ ಒಡ್ಕೊಂಡು ಸಾಯ್ತಾನೆ."

"ನಿನಗೆ ತಮಾಷೆ."

"ನನಗೇನು. ನೀನು ಅವನಿಗೆ ಅಂತ ಒಲೆ ಹಚ್ಚಿದೀಯ, ಬೇಯ್ತಿರೋಳು ನೀನು. ಕನ್ನಡೀಲಿ ಮುಖ ನೋಡ್ಕೊ. ಅವನ ಜೊತೆ ನೀನೂ ಉಪ್ಪು ಬಿಟ್ಟಿದೀಯ."

ಅದು ನಿಜವಾಗಿತ್ತು. ಬಿಚ್ಚುವವಳೂ ಪಥ್ಯದಲ್ಲಿರಬೇಕು. ಅವನಿಗೆ ಬಡಿಸಿದ ಸೀದ ಮೀನಿನಲ್ಲಿ ಅರ್ಧ ಅವಳ ಹೊಟ್ಟೆಗೂ ಹೋಗುತ್ತಿತ್ತು. ಆದರೂ ಅವಳು ತಾಳಿಕೊಂಡಳು. ಹಾಡು ಬರುವವರೆಗೆ ಎಷ್ಟು ಬೇಕಾದರೂ ತಾಳುವವಳಿದ್ದಳು.

ದದ್ದು ಒಣಗತೊಡಗಿತು. ಒಂದು ಬೆಳಿಗ್ಗೆ, ಮಂಜು ಕರಗಿ ನದಿ ಕಾಣುವ ಹೊತ್ತಿಗೆ, ಅವಳು ಅವನನ್ನು ಮನೆ ಮುಂದಿನ ಅಂಗಳಕ್ಕೆ ಕರೆಸಿ ಚಾಪೆಯ ಮೇಲೆ ಕೂರಿಸಿದಳು. ಉಪ್ಪು, ಮೆಣಸಿನಕಾಯಿ, ನಿಂಬೆ ಒಂದು ಬೋಗುಣಿಯಲ್ಲಿ ಪಕ್ಕಕ್ಕಿದ್ದವು. ಅವಳ ಪೈಪಿನಲ್ಲಿ ತಂಬಾಕು ತುಂಬಿತ್ತು. ಮಾವ ದೋಣಿಯ ಹುಟ್ಟಿಗೆ ಹಿಡಿ ಕೆತ್ತುತ್ತ ಅಲ್ಲೇ ಕೂತಿದ್ದ. ಅವನ ಎರಡು ಬೇಟೆನಾಯಿಗಳು ಮನೆ ಕಂಬಗಳ ಕೆಳಗಿನ ನೆರಳಿನಲ್ಲಿ ಸತ್ತಂತೆ ಬಿದ್ದಿದ್ದವು.

"ಅಮ್ಮ ಕೊಟ್ಟ ಹಾಡು ಹಾಡು," ಎಂದಳು. ಈ ಹಾಡನ್ನು ಅವನು ರೆಕಾರ್ಡ್ ಮಾಡಿ ಲೋಕಕ್ಕೆಲ್ಲ ಮಾರಿದ್ದ. ಯಾರಾದರೂ ಫೋನಿನಲ್ಲಿ ಅದನ್ನು ಹಾಕಿದರೆ, ಫೋನಿನ ಹಾಡಿಗೆ ಉಸಿರಿಲ್ಲ ಅಂತ ಅವಳು ಕಿವಿ ಮುಚ್ಚಿಕೊಂಡು ಎದ್ದು ಹೋಗಿದ್ದಳು. ಮಾವನಿಗಂತೂ ಫೋನೆಂದರೆ ಆಗದು, ಅವನು ಅದನ್ನು ಕೇಳಿಯೇ ಇರಲಿಲ್ಲ. ಇವತ್ತು ಕಿವಿಯನ್ನೆಲ್ಲ ತೆರೆದು ಕೂತಳು.

ಅವನು ಕಣ್ಣು ಮುಚ್ಚಿ ಶುರು ಮಾಡಿದ. ಉಚ್ಚಾರ ಕಲ್ಲು ಕಲ್ಲಾಗಿದ್ದರೂ ರಾಗ ಸರಿಯಿತ್ತು. ಅದು ಅಮ್ಮನ ರಾಗವೇ. ಹಾಡಿನ ಮಾತು ಯಾವಾಗಲೂ ಮುಸುಕಿನದು, ಒಂದನ್ನು ಇನ್ನೊಂದರ ಹೆಸರಿನಿಂದ ಕರೆಯುತ್ತದೆ. ಕಾಸಿಲ್ಡಾ ಒಂದೊಂದೇ ಸಾಲನ್ನು ಹಿಡಿದು ನೆನಪಿಗೆ ಹಾಕಿಕೊಳ್ಳತೊಡಗಿದಳು.

ಮೂಗಿನ ದಾರಿ ತೆರೆಯಲಿ, ಕಂದಾ. ಕಿವಿಯ ಎಲೆ ನಿಮಿರಲಿ. ಒದ್ದೆ ನೆಲ ಹೇಳುವ ಮಾತು ನಿನಗೆ ಕೇಳಲಿ.

ಚೆನ್ನಾಗಿದೆ, ಎಂದುಕೊಂಡಳು. ಓಡಿಹೋದ ಜೀವದ ಜಾಡು ಹಿಡಿಯುವುದಕ್ಕಿರಬೇಕು.

ಕೆಸರಲ್ಲಿ ಹೆಜ್ಜೆ ಇಟ್ಟವನ ಹಿಂದೆ ಹೋಗು. ಅಡ್ಡದಾರಿಗೆ ಹೋಗಬೇಡ, ಹಗಲು ಮಲಗಬೇಡ. ಒಡೆಯನ ಮಡಕೆಗೆ ಬಾಯಿ ಹಾಕಬೇಡ.

ಮಡಕೆ ಯಾಕೆ ಬಂತು ಅಂತ ಅವಳು ಯೋಚಿಸುವಷ್ಟರಲ್ಲಿ ಮನೆಯ ಕೆಳಗೆ ಸದ್ದಾಯಿತು. ನಾಯಿಗಳು ಎದ್ದು ನಿಂತಿದ್ದವು. ಮುದಿನಾಯಿಯ ಕಿವಿ ನೆಟ್ಟಗಾಗಿತ್ತು. ಅದು ಮೂಗನ್ನು ನೆಲಕ್ಕೆ ಹಚ್ಚಿ ಅಂಗಳದಲ್ಲಿ ಒಂದು ಸುತ್ತು ಬಂತು, ಟೋರ್ಬೆನ್‌ನ ಮಂಡಿ ಮೂಸಿತು, ಅವನ ಚಾಪೆಯನ್ನು ಬಳಸಿ ಕಾಡಿನ ದಾರಿಗೆ ಬಿದ್ದು ಓಡಿತು. ಎರಡನೆಯದೂ ಅದರ ಹಿಂದೆ ಓಡಿತು. ಕಣ್ಣು ಮುಚ್ಚಿದ್ದ ಟೋರ್ಬೆನ್ ಇನ್ನೂ ಭಾವ ತುಂಬಿ ಹಾಡುತ್ತಲೇ ಇದ್ದ.

ಮಾವನ ಕೈಯಿಂದ ಹುಟ್ಟು ಬಿತ್ತು. ಅವನು ಹೊಟ್ಟೆ ಹಿಡಿದುಕೊಂಡು ಮೊದಲು ಮಂಡಿಯೂರಿದ, ಆಮೇಲೆ ನೆಲದ ಮೇಲೇ ಉರುಳಿದ. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು.

"ಏನು ಮಾವ? ಏನು ಹೇಳು."

"ನಾಯಿಹಾಡು," ಎಂದ ಉಸಿರು ಸಿಕ್ಕಿದಾಗ. "ಕೂಸೇ, ನಾಯಿಹಾಡು ಅದು. ಮರಿ ದೊಡ್ಡದಾದಾಗ ಕಾಡಿಗೆ ಕರ್ಕೊಂಡು ಹೋಗಿ, ಮೂಗಿಗೆ ಸೊಪ್ಪಿನ ರಸ ಹಿಂಡಿ ಹಾಡ್ತೀನಲ್ಲ, ಹಂದಿ ಬೇಟೆ ಕಲೀಲಿ ಅಂತ. ನನಗೆ ನಾಯಿ ಹುಚ್ಚು ಅಂತ ಅಕ್ಕ ನನ್ನೊಬ್ಬನಿಗೇ ಕೊಟ್ಟಿದ್ಲು. ಇವನಿಗೂ ಅದನ್ನೇ ಕೊಟ್ಟಿದಾಳೆ."

ಕಾಸಿಲ್ಡಾ ಮಾವನ ಮುಖ ನೋಡಿದಳು. ಕಾಡಿನೊಳಗಿಂದ ನಾಯಿಗಳು ಬೊಗಳುವುದು ಕೇಳುತ್ತಿತ್ತು. ಅವಳಿಗೂ ನಗು ಬಂತು. ಮೊದಲು ಬಾಯಿ ಮುಚ್ಚಿಕೊಂಡಳು, ಆಗಲಿಲ್ಲ, ಬಿಟ್ಟುಬಿಟ್ಟಳು. ಅಮ್ಮ ಸತ್ತ ಮೇಲೆ ಅವಳು ಹೀಗೆ ನಕ್ಕಿರಲಿಲ್ಲ. ಅಮ್ಮ ಕೊಟ್ಟಿರಲಿಲ್ಲ. ಅಷ್ಟು ಜನರೆದುರು, ಕ್ಯಾಮೆರಾಗಳೆದುರು, ಮುಖ ಒಂದಿಷ್ಟೂ ಬದಲಿಸದೆ ಆ ಮುದುಕಿ ಇವನ ಕಿವಿಗೆ ಹೂವಿಟ್ಟಿದ್ದಳು. ಲೋಕದ ದೊಡ್ಡ ದೊಡ್ಡ ಊರುಗಳಲ್ಲಿ ದುಡ್ಡಿದ್ದವರು ದೀಪ ಆರಿಸಿ, ಮಲಗಿ, ಕಣ್ಣೀರು ಸುರಿಸುತ್ತ ಕೇಳುತ್ತಿದ್ದದ್ದು ಒಡೆಯನ ಮಡಕೆಗೆ ಬಾಯಿ ಹಾಕಬೇಡ ಅನ್ನುವುದನ್ನು. ಕಾಸಿಲ್ಡಾಗೆ ಅಮ್ಮನ ಮೇಲೆ ಪ್ರೀತಿ ಉಕ್ಕಿ ಬಂತು.

ಹಾಡು ಮುಗಿದಿತ್ತು. ಟೋರ್ಬೆನ್ ಕಣ್ಣು ತೆರೆದು ಇಬ್ಬರನ್ನೂ ನೋಡಿ ಮೆಲ್ಲನೆ ಮುಗುಳ್ನಕ್ಕ. ಅವರ ಮಾತು ಅವನಿಗೆ ತಿಳಿದಿರಲಿಲ್ಲ. "ನಿಮ್ಮ ನಗು ನನಗೆ ಔಷಧಿಯಂತಿದೆ," ಎಂದ.

"ಒಡೆಯನ ಮಡಕೆ ಅಂದ್ರೆ ಏನು ಅಂತ ಹೇಳ್ತೀಯ ನಿನ್ನ ಜನಕ್ಕೆ?" ಎಂದು ಕೇಳಿದಳು ಕಾಸಿಲ್ಡಾ.

"ಅದು ಅಹಂಕಾರದ ಮಡಕೆ, ಅಕ್ಕಾ. ಅದರಿಂದ ದೂರವಿರಬೇಕು ಎಂದು."

ಮಾವ ಮತ್ತೆ ನೆಲಕ್ಕೆ ಬಿದ್ದ.

ಅವಳು ಸ್ಪ್ಯಾನಿಷ್‌ನಲ್ಲಿ ನಿಧಾನವಾಗಿ, ಒಂದೊಂದೇ ಮಾತಿಗೆ ಅರ್ಥ ಹೇಳಿದಳು. ಮೂಗು ಅಂದರೆ ಮೂಗು. ಮಡಕೆ ಅಂದರೆ ಮಡಕೆ. ಕೆಸರಲ್ಲಿ ಹೆಜ್ಜೆ ಇಟ್ಟವನು ಅಂದರೆ ಕಾಡುಹಂದಿ. ಕಂದ ಅಂದರೆ ನಾಯಿಮರಿ. ಅವಸರ ಮಾಡಲಿಲ್ಲ, ಪ್ರತಿಯೊಂದು ಮಾತನ್ನೂ ಅವನ ಮುಖದ ಮೇಲೆ ಇಳಿಸಿ ನೋಡಿದಳು. ಮೊದಲು ಅವನು ನಂಬಲಿಲ್ಲ, ಇದೂ ಒಂದು ಪರೀಕ್ಷೆ ಅಂದುಕೊಂಡು ತಲೆಯಾಡಿಸಿದ. ಅಷ್ಟರಲ್ಲಿ ಮುದಿನಾಯಿ ಬಾಯಲ್ಲಿ ಜೊಲ್ಲು ಸುರಿಸುತ್ತ, ಬೇಟೆ ಸಿಗದೆ ವಾಪಸು ಬಂತು. ಮಾವ ಅದೇ ಹಾಡಿನ ಎರಡು ಸಾಲು ಗುನುಗಿದ. ನಾಯಿ ತಿರುಗಿ ಮೂಗು ನೆಲಕ್ಕೆ ಹಚ್ಚಿತು.

ಟೋರ್ಬೆನ್‌ನ ಬಾಯಿ ತೆರೆದೇ ಉಳಿಯಿತು. ಸೊಳ್ಳೆಗೂ ಸೀದ ಮೀನಿಗೂ ವಂದನೆ ಹೇಳಿದವನಿಗೆ ಇದಕ್ಕೆ ವಂದನೆ ಹೇಳಲು ಆಗಲಿಲ್ಲ. ದದ್ದಿನ ಕೆಂಪೂ ಬಿಳಿಚಿಕೊಂಡಿತು. ಕಾಸಿಲ್ಡಾ ಆ ಮುಖವನ್ನು ಕಣ್ತುಂಬ ನೋಡಿದಳು. ಇದೇ ಮುಖಕ್ಕಾಗಿ ಅವಳು ಕಾದಿದ್ದದ್ದು.

ಮಾವ ಕಣ್ಣೊರೆಸಿಕೊಂಡು ಎದ್ದು ಕೂತ. "ನಮ್ಮಕ್ಕ ಅಂದ್ರೆ ಅಕ್ಕ. ಹಂಗಾದ್ರೆ ಮನೆ ಹಾಡು ನಿನಗೇ ಕೊಟ್ಟಿದಾಳೆ. ಇಷ್ಟು ದಿನ ಬಾಯಿ ಬಿಡ್ಲಿಲ್ವಲ್ಲ ನೀನು, ಕಳ್ಳಿ."

ಕಾಸಿಲ್ಡಾ ಪೈಪಿನ ತಂಬಾಕನ್ನು ಮತ್ತೆ ಒತ್ತಿದಳು.

"ಅದಕ್ಕೇ ಅಂತ ಕಾಣುತ್ತೆ," ಎಂದ ಅವನು ಹುಟ್ಟನ್ನು ಎತ್ತಿಕೊಳ್ಳುತ್ತ. "ನಾನು ಮೀನು ತಗೊಂಡು ಹೋದಾಗೆಲ್ಲ ಕೇಳ್ತಿದ್ಲು. ಕಾಸಿಲ್ಡಾ ಬಂದ್ಲಾ, ಬರ್ತಾಳಾ. ಅವಳನ್ನ ಒಂದ್ಸಲ ಕಳಿಸೋ, ನೆತ್ತಿ ಮುಟ್ಟೋದಿದೆ ಅಂತ. ಜ್ವರ ಬಂದಾಗಂತೂ ದಿನಾ. ನಾನು ಬಂದು ಬಂದು ನಿನಗೆ ಹೇಳ್ತಿರ್ಲಿಲ್ವಾ? ಯಾವಾಗ ಹೋಗಿದ್ದೆ ನೀನು? ಯಾರಿಗೂ ಹೇಳ್ದೆ ಹೋಗಿದ್ಯಾ?"

ಪೈಪು ಹಚ್ಚಲು ಹೋದಳು, ಕಡ್ಡಿ ಮುರಿಯಿತು. ಇನ್ನೊಂದು ಕಡ್ಡಿಯೂ ಮುರಿಯಿತು. ಮಾವ ಅವಳ ಕೈಯನ್ನು ನೋಡಿದ, ಆಮೇಲೆ ಮುಖ ನೋಡಿದ. ಅವನ ನಗು ನಿಂತಿತು.

ಅವಳು ಟೋರ್ಬೆನ್‌ನ ನೆತ್ತಿಯ ಮೇಲೆ ಹೊಗೆ ಊದಿದಳು, ಅಂಗೈಗಳಿಗೆ ಊದಿದಳು. ಕೀಳಬೇಕೆಂದಿದ್ದ ಹಾಡನ್ನು ಕೀಳಲಿಲ್ಲ. ನಾಯಿಹಾಡನ್ನು ಕಿತ್ತುಕೊಂಡು ಅವಳು ಏನು ಮಾಡಬೇಕು? ಪಥ್ಯ ಬಿಚ್ಚುವ ಮಾತನ್ನು ಹೇಳಿದಳು. ಬೋಗುಣಿಯಿಂದ ಉಪ್ಪು ಖಾರ ನಿಂಬೆ ತೆಗೆದು ಅವನ ನಾಲಿಗೆಗಿಟ್ಟಳು, ಉಳಿದದ್ದನ್ನು ತನ್ನ ನಾಲಿಗೆಗೂ ಇಟ್ಟುಕೊಂಡಳು. ಅವನಿಗೆ ವಾಂತಿ ಬರಲಿಲ್ಲ. ಅವನು ತಲೆ ತಗ್ಗಿಸಿ ಉಪ್ಪನ್ನು ನುಂಗಿದ.

"ಆಯ್ತು. ಹೊರಡು," ಎಂದಳು.

ಅವನು ಹೊರಡಲಿಲ್ಲ. ತಲೆ ಎತ್ತಿದಾಗ ಕಣ್ಣಲ್ಲಿ ಹಳೆಯ ಹೊಳಪು ಮತ್ತೆ ಬಂದಿತ್ತು. "ಹಾಗಾದರೆ ನಿಜವಾದ ಹಾಡು ನಿಮ್ಮ ಬಳಿ ಇದೆ," ಎಂದ. "ತಾಯಿಯವರು ನನಗೆ ಕೊಡಲಿಲ್ಲ, ಅದು ನನ್ನ ಅರ್ಹತೆಯ ಪ್ರಶ್ನೆ. ಆದರೆ ಅದು ನಿಮ್ಮಲ್ಲಿ ಇದೆಯಲ್ಲವೇ, ಅಕ್ಕಾ?"

ಮಾವ ತಲೆ ತಗ್ಗಿಸಿ ಹುಟ್ಟಿನ ಹಿಡಿ ಕೆತ್ತತೊಡಗಿದ.

ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರ ಬಳಿಯೂ ಇಲ್ಲ, ಅಮ್ಮನ ಜೊತೆಯೇ ಮಣ್ಣಿಗೆ ಹೋಯಿತು ಅಂದಿದ್ದರೆ ಅವನು ಅಳುತ್ತಿದ್ದ. ಅವಳನ್ನು ತಬ್ಬಿಕೊಂಡು ಅಳುತ್ತಿದ್ದ, ನಾವಿಬ್ಬರೂ ಕಳೆದುಕೊಂಡೆವು ಅಕ್ಕಾ ಅನ್ನುತ್ತಿದ್ದ. ಊರಿಗೆ ಹೋಗಿ ಆ ದುಃಖವನ್ನೂ ಒಂದು ಪಾಠ ಮಾಡಿಕೊಂಡು ಹಗುರಾಗುತ್ತಿದ್ದ. ಕಾಸಿಲ್ಡಾಗೆ ಅದನ್ನು ನೆನೆದೇ ಮೈಯೆಲ್ಲ ಉರಿಯಿತು.

"ಇದೆ," ಎಂದಳು.

"ಒಮ್ಮೆ ಕೇಳಿಸಿ. ಕೊಡಬೇಡಿ, ಕೇಳಿಸಿ ಸಾಕು."

"ಇಲ್ಲ."

"ಮುಂದೆ ಎಂದಾದರೂ..."

"ಯಾವತ್ತೂ ಇಲ್ಲ. ನೀನು ಪ್ರತಿ ವರ್ಷ ಬಾ. ಇದೇ ಏಣಿ ಹತ್ರ ನಿಂತು ಕೇಳು. ಪ್ರತಿ ವರ್ಷ ಇಲ್ಲ ಅಂತೀನಿ. ನೀನು ಸಾಯೋವರೆಗೂ ಅದು ಇಲ್ಲೇ ಇದೆ, ನಿನಗೆ ಸಿಗಲ್ಲ ಅಂತ ನಿನಗೆ ಗೊತ್ತಿರ್ಬೇಕು."

ಅವನು ಅತ್ತ. ಮೊದಲಿನ ವಂದಿಸುವ ಅಳುವಲ್ಲ, ಮಗುವಿನ ಕೈಯಿಂದ ಏನನ್ನೋ ಕಿತ್ತುಕೊಂಡಾಗ ಬರುವಂಥದ್ದು. ಮೂಗೊರೆಸಿಕೊಂಡು ದೋಣಿಗೆ ಇಳಿದು ಹೋದ. ಎಂಜಿನ್ನಿನ ಸದ್ದು ನದಿಯ ತಿರುವಿನಲ್ಲಿ ಸಣ್ಣದಾಗುವವರೆಗೆ ಅವಳು ನಿಂತೇ ಇದ್ದಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಆ ಮನುಷ್ಯ ಇನ್ನು ನೆಮ್ಮದಿಯಾಗಿ ನಿದ್ದೆ ಮಾಡುವುದಿಲ್ಲ.

"ನಿನ್ನ ಹತ್ರ ಇಲ್ಲ," ಎಂದ ಮಾವ. ಕೇಳಲಿಲ್ಲ, ಹೇಳಿದ.

"ಇಲ್ಲ."

ಅವನು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಾಸಿಲ್ಡಾ ಬೋಗುಣಿ ಎತ್ತಿಕೊಂಡು ನದಿಗೆ ಇಳಿದಳು, ತೊಳೆದಳು, ಮತ್ತೆ ತೊಳೆದಳು. ಯಾರನ್ನಾದರೂ ಬೈಯಬೇಕು ಅನ್ನಿಸಿತು ಅವಳಿಗೆ. ವಾಪಸು ಬಂದು ಅವನ ಎದುರಿಗೆ ನಿಂತಳು.

"ನಾನು ಹೋಗಿದ್ರೂ ಒಳಗೆ ಬಿಡ್ತಿರ್ಲಿಲ್ಲ ಅವನು. ಅಲ್ವಾ ಮಾವ? ಗೇಟಲ್ಲಿ ಜನ ಇಟ್ಟಿದ್ದ. ಅಮ್ಮನ ಹತ್ರ ಯಾರನ್ನೂ ಬಿಡ್ತಿರ್ಲಿಲ್ಲ."

ಮುದುಕ ತಲೆ ಎತ್ತಲಿಲ್ಲ. ಹುಟ್ಟಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ.

"ಯಾರೂ ತಡೀತಿರ್ಲಿಲ್ಲ ಕೂಸೇ," ಎಂದ. "ನಾನು ಮೀನು ಹೊತ್ಕೊಂಡು ಸೀದಾ ಒಳಗೆ ಹೋಗ್ತಿದ್ದೆ."